ಎಡಕ್ಕೆ ತಿರುಗಿದರೆ ಹಾರ್ನ್ ಇಲ್ಲ

ನನ್ನ ಹಳೆ ಬೈಕಿನ ಹ್ಯಾಂಡಲ್ ಬಲಕ್ಕೆ ತಿರುಗಿಸಿದರೆ ಹಾರ್ನ್ ಹೊಡೆಯುತ್ತಿತ್ತು. ಎಡಕ್ಕೆ ತಿರುಗಿಸಿದರೆ ಇಲ್ಲ. ನೇರ ಹೋಗುವಾಗ ಅದರ ಮರ್ಜಿ. ತಿಪಟೂರಿನ ಎಪಿಎಂಸಿ ಗೇಟಿನ ಎದುರು ಕೊಬ್ಬರಿ ಮೂಟೆ ಹೇರಿಕೊಂಡಿದ್ದ ಲಾರಿಯೊಂದು ರಿವರ್ಸ್ ಬರುತ್ತಿತ್ತು. ಎಡಕ್ಕೆ ಎಳೆದುಕೊಂಡು ಗುಂಡಿ ಒತ್ತಿದೆ. ಕಫ ಕಟ್ಟಿದ ಗಂಟಲಿನಿಂದ ಬಂದಂಥ ಒಂದು ಸದ್ದು ಹೊರಟು ಅಲ್ಲೇ ನಿಂತಿತು. ಲಾರಿಯವನು ಕನ್ನಡಿ ನೋಡಿದ, ಬಚಾವಾದೆ.

ಎರಡನೇ ವಿಚಿತ್ರ ಕಂಡುಹಿಡಿದವನು ನನ್ನ ಮಗ. ಸಂಜೆ ಶೆಡ್ಡಿನಲ್ಲಿ ಗಾಡಿ ಮೇಲೆ ಕೂತು ಆಟ ಆಡುತ್ತಿದ್ದವನು ಕೂಗಿದ: "ಅಪ್ಪಾ, ಬ್ರೇಕ್ ಒತ್ತಿದ್ರೆ ಮೀಟರ್ ಲೈಟ್ ಹತ್ತುತ್ತೆ!" ಹೋಗಿ ನೋಡಿದರೆ ನಿಜ. ಲೈಟಿನ ಸ್ವಿಚ್ ಆಫ್ ಇದೆ, ಹಿಂದಿನ ಬ್ರೇಕ್ ಲೈಟ್ ಹತ್ತುತ್ತಿಲ್ಲ, ಆದರೆ ಪೆಡಲ್ ತುಳಿದಾಗಲೆಲ್ಲ ಮುಂದಿನ ಸ್ಪೀಡೋಮೀಟರ್ ಒಳಗಿನ ಪುಟ್ಟ ಬಲ್ಬು ಮಿಣುಕುತ್ತದೆ. ದೆವ್ವ ಹೊಕ್ಕಿದೆ ಅಂತ ಅವನ ತೀರ್ಮಾನ. ನನ್ನದೂ ಸುಮಾರು ಅದೇ.

ಇನ್ನು ಹೆಡ್‌ಲೈಟಂತೂ ಬುಡ್ಡಿದೀಪ. ಕೆ.ಬಿ. ಕ್ರಾಸ್‌ನಿಂದ ರಾತ್ರಿ ಬರುವಾಗ ಎದುರು ಗಾಡಿ ಬಂದರೆ ಅದರ ಬೆಳಕಿನಲ್ಲೇ ನನ್ನ ರಸ್ತೆ ನೋಡಿಕೊಳ್ಳಬೇಕಿತ್ತು.

ಗಾಡಿ 1979ರ ಯೆಜ್ಡಿ, ಅಪ್ಪನದು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಮಾಲು. ಕಿಕ್ಕರ್ ಮತ್ತು ಗೇರು ಒಂದೇ ಲಿವರ್‌ನಲ್ಲಿರುವ 250 ಸಿಸಿ ಟೂ ಸ್ಟ್ರೋಕ್; ಹೊಸಬರು ಕಿಕ್ಕರ್ ಎಲ್ಲಿದೆ ಅಂತ ಹುಡುಕುವುದನ್ನು ನೋಡುವುದೇ ಒಂದು ಮಜಾ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಂದಿನಿಂದ ಈ ಗಾಡಿಗಳು ಓಡುತ್ತಿರುವುದು ಯಾರೋ ಅಟ್ಟದಲ್ಲಿ ಕೂಡಿಟ್ಟ ಸ್ಪೇರು, ಹೊಸದಾಗಿ ಯಾರೋ ಮಾಡಿ ಮಾರುವ ಸ್ಪೇರು, ಮತ್ತು ಹಠ, ಈ ಮೂರರ ಮೇಲೆ. ನಮ್ಮದು 6 ವೋಲ್ಟಿನ ಗಾಡಿ, ಕರೆಂಟು ಹುಟ್ಟಿಸುವುದಕ್ಕೆ ಡೈನಮೊ, ಕಿಡಿಗೆ ಪಾಯಿಂಟು, ಅಂದರೆ ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲಿನ ಕರೆಂಟನ್ನು ಕಡಿದು ಕೂಡಿಸುವ ಪುಟ್ಟ ಸ್ವಿಚ್ಚು. ಇಂಡಿಕೇಟರ್ ಇಲ್ಲ. ಅಂದರೆ ಕೆಡುವುದಕ್ಕೆ ಇರುವ ಸಾಮಾನೇ ಕಡಿಮೆ. ಆದರೂ ಇದನ್ನು ಸರಿ ಮಾಡಿಕೊಳ್ಳಲು ನನಗೆ ಹಿಡಿದದ್ದು ಎರಡು ತಿಂಗಳು.

ಹಿಂದಿನ ವರ್ಷ ಗಾಡಿ ಪೂರ್ತಿ ಬಿಚ್ಚಿ ಚಾಸಿಗೆ ಪೌಡರ್ ಕೋಟಿಂಗ್ ಮಾಡಿಸಿದ್ದೆ. ಕನ್ನಡಿಯಂಥ ಕಪ್ಪು. ಬಂದವರೆಲ್ಲ ಕೈಯಾಡಿಸಿ ನೋಡಿದರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ: ಸಾಮಾನು ಬದಲಾಯಿಸಿದ್ದು. ಲೈಟ್ ಮಂಕು, ಅಂದರೆ ಬ್ಯಾಟರಿ ವೀಕು ಅಂದರು, ಹೊಸ ಬ್ಯಾಟರಿ ಹಾಕಿಸಿದೆ. ಎರಡು ದಿನ ಚೆನ್ನಾಗಿದ್ದಂತೆ ಕಂಡಿತು, ಹೊಸದು ತಂದಾಗ ಕಣ್ಣಿಗೆ ಹಾಗೆ ಕಾಣುವುದು ಸಹಜ. ಆಮೇಲೆ ಅದೇ ಬುಡ್ಡಿದೀಪ. "ಹಾಗಾದ್ರೆ ಕಟೌಟ್ ಹೋಗಿದೆ" ಅಂದರು. ಕಟೌಟ್ ಅಂದರೆ ರೆಗ್ಯುಲೇಟರ್, ಡೈನಮೊದಿಂದ ಬರುವ ವೋಲ್ಟೇಜನ್ನು ಹದದಲ್ಲಿಡುವ ಡಬ್ಬಿ. ಅದನ್ನೂ ಹೊಸದು ಹಾಕಿಸಿ, ಹಳೆಯದನ್ನು ಬೇರೆ ಕಬ್ಬಿಣದ ಜೊತೆ ಗುಜರಿಗೆ ಎಸೆದೆ. ಒಂದು ವಾರ ಬಿಟ್ಟು ನೋಡಿದರೆ ಹೊಸ ಬ್ಯಾಟರಿಯಲ್ಲಿ ನೀರು ಅರ್ಧಕ್ಕಿಳಿದಿದೆ, ಸೈಡ್ ಬಾಕ್ಸ್ ತೆಗೆದರೆ ಆಸಿಡ್ಡಿನ ಘಾಟು. ಲೈಟು ಮಂಕು, ಆದರೆ ಬ್ಯಾಟರಿ ಕುದಿಯುತ್ತಿದೆ. ಒಂದು ಕಡೆ ಕರೆಂಟು ಸಾಲದು, ಇನ್ನೊಂದು ಕಡೆ ಜಾಸ್ತಿ. ಇಷ್ಟಾದ ಮೇಲೆ ಮೂರನೇ ಸಲಹೆ ಬಂತು: "ಎಲ್ಲಾ ಕಿತ್ತು 12 ವೋಲ್ಟಿಗೆ ಕನ್ವರ್ಟ್ ಮಾಡ್ಸಿ ಸಾರ್, ನೆಮ್ಮದಿ." ಹಾಗೆ ಮಾಡಿಸಿದವರು ಬೇಕಾದಷ್ಟು ಜನ ಇದ್ದಾರೆ, ತಪ್ಪೂ ಅಲ್ಲ. ಆದರೆ ನಲವತ್ತು ವರ್ಷ ಓಡಿದ 6 ವೋಲ್ಟು ಈಗ ಇದ್ದಕ್ಕಿದ್ದಂತೆ ಸಾಲದಾಯಿತು ಅಂದರೆ ನನಗೆ ನಂಬಿಕೆ ಬರಲಿಲ್ಲ. ಜೇಬೂ ಒಪ್ಪಲಿಲ್ಲ.

ಹಾಗಾಗಿ ನಾನೇ ಕೂತೆ. ಮನೆಯಲ್ಲಿ ಒಂದು ಅಗ್ಗದ ಮಲ್ಟಿಮೀಟರ್ ಇತ್ತು.

ಎರಡು ಭಾನುವಾರ ಆ ಮೀಟರು ನನಗೆ ಸುಳ್ಳು ಹೇಳಿತು. ಸುಳ್ಳು ಅಂದರೆ ತಪ್ಪಾಗುತ್ತದೆ, ಅದು ನಿಜವನ್ನೇ ಹೇಳುತ್ತಿತ್ತು, ನಾನು ಕೇಳುತ್ತಿದ್ದ ಪ್ರಶ್ನೆ ದಡ್ಡ ಪ್ರಶ್ನೆ. ಹೆಡ್‌ಲೈಟ್ ಬಲ್ಬ್ ಬಿಚ್ಚಿ ಹೋಲ್ಡರ್‌ಗೆ ಮೀಟರ್ ಕಡ್ಡಿ ಹಿಡಿದೆ: 6.3 ವೋಲ್ಟ್. ಬ್ಯಾಟರಿಯಲ್ಲಿ ಎಷ್ಟಿದೆಯೋ ಅಷ್ಟೂ ಇಲ್ಲಿದೆ. ಎರಡು ಕಡ್ಡಿಯ ನಡುವೆ ಸಂಪರ್ಕ ಇದ್ದರೆ ಬೀಪ್ ಮಾಡುವ ಕಡೆ ತಿರುಗಿಸಿ ಹೆಡ್‌ಲೈಟ್ ಬುರುಡೆಗೊಂದು ಕಡ್ಡಿ, ಬ್ಯಾಟರಿಯ ನೆಗೆಟಿವ್‌ಗೊಂದು ಕಡ್ಡಿ ಇಟ್ಟೆ: ಬೀಪ್. ಹಿಂದಿನ ಲೈಟಿಗೂ ಬೀಪ್. ಎಲ್ಲಾ ಕಡೆ ಬೀಪ್. ಅರ್ಥಿಂಗ್, ಅಂದರೆ ಗಾಡಿಯ ಲೋಹದ ಮೈ ಮೂಲಕ ಕರೆಂಟು ಬ್ಯಾಟರಿಗೆ ವಾಪಸಾಗುವ ದಾರಿ, ಸರಿಯಿದೆ, ಕರೆಂಟು ಬರುತ್ತಿದೆ, ಬಲ್ಬು ಹೊಸದು. ಆದರೂ ಹಾಕಿದರೆ ಮಂಕು. ತಲೆ ಕೆಟ್ಟು ವೈರಿಂಗ್ ಕಿಟ್ಟೇ ಹೊಸದು ತರಿಸಿಬಿಡೋಣ ಅಂದುಕೊಂಡಿದ್ದೆ.

ಬುದ್ಧಿ ಬಂದದ್ದು ತೋಟದಲ್ಲಿ. ನಮ್ಮ ಕಡೆಯ ಕೊಳವೆಬಾವಿಯವರಿಗೆ ಇದು ನಿತ್ಯದ ಗೋಳು: ಸ್ಟಾರ್ಟರ್ ಬೋರ್ಡಿನ ಮುಳ್ಳು 410 ತೋರಿಸುತ್ತಿರುತ್ತದೆ, ಖುಷಿಯಿಂದ ಬಟನ್ ಒತ್ತಿದ ಕೂಡಲೇ 320ಕ್ಕೆ ಕುಸಿಯುತ್ತದೆ, ಮೋಟರು ಗುಂಯ್ ಅಂತ ಕೂತುಬಿಡುತ್ತದೆ. ಮೋಟರು ಎಳೆಯುವ ತನಕ ಲೈನಿನ ಹಣೆಬರಹ ಗೊತ್ತಾಗುವುದಿಲ್ಲ. ಆವತ್ತು ಕೂಡ ಮುಳ್ಳು ಹಾಗೇ ಕುಸಿಯಿತು. ಆ ಮುಳ್ಳನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ನೋಡುತ್ತಾ ನಿಂತವನಿಗೆ ಗಾಡಿ ನೆನಪಾಯಿತು: ಬಲ್ಬ್ ಬಿಚ್ಚಿ ವೋಲ್ಟೇಜ್ ನೋಡಿದರೆ ಮೋಟರ್ ಆನ್ ಮಾಡದೆ ಬೋರ್ಡ್ ನೋಡಿದ ಹಾಗೆ. ಮಲ್ಟಿಮೀಟರು ಕರೆಂಟನ್ನು ಎಳೆಯುವುದೇ ಇಲ್ಲ ಅನ್ನಬೇಕು. ತಂತಿಯ ಎಳೆಗಳೆಲ್ಲ ಕಡಿದು ಒಂದೇ ಎಳೆ ಉಳಿದಿದ್ದರೂ ಅದಕ್ಕೆ ಪೂರ್ತಿ 6.3 ಕಾಣುತ್ತದೆ. ಬೀಪ್ ಕೂಡ ಅಷ್ಟೇ, ಮೂವತ್ತು ನಲವತ್ತು ಓಮ್ ಅಡ್ಡಿಯಿದ್ದರೂ ಬಹಳಷ್ಟು ಮೀಟರುಗಳು ಕೂಗಿಬಿಡುತ್ತವೆ.

ಲೆಕ್ಕ ಹಾಕಿ. ನಾನು ಹಾಕಿದ್ದು 35 ವ್ಯಾಟಿನ ಬಲ್ಬು. 12 ವೋಲ್ಟಿನಲ್ಲಿ ಅದು ಎಳೆಯುವುದು 3 ಆಂಪಿಯರ್ ಆಸುಪಾಸು, 6 ವೋಲ್ಟಿನಲ್ಲಿ ಹತ್ತಿರ ಹತ್ತಿರ 6. ಅದೇ ತುಕ್ಕು ಹಿಡಿದ ಜಾಯಿಂಟಿನಲ್ಲಿ ಕರೆಂಟು ದುಪ್ಪಟ್ಟಾದರೆ ಸೋರಿಹೋಗುವ ವೋಲ್ಟೂ ದುಪ್ಪಟ್ಟು. ಇದ್ದದ್ದೇ ಅರ್ಧ, ಹೋಗುವುದು ಎರಡರಷ್ಟು. ಪಾಲಿನ ಲೆಕ್ಕದಲ್ಲಿ ನಾಲ್ಕು ಪಟ್ಟು ನಷ್ಟ. 12 ವೋಲ್ಟಿನ ಗಾಡಿ ತುಟಿಪಿಟಕ್ಕೆನ್ನದೆ ನುಂಗಿಕೊಳ್ಳುವ ಕೊಳೆಗೆ 6 ವೋಲ್ಟಿನ ಗಾಡಿ ಮಲಗಿಬಿಡುತ್ತದೆ.

ಬಲ್ಬ್ ವಾಪಸ್ ಹಾಕಿ, ಎಂಜಿನ್ ಬಂದ್ ಇಟ್ಟು, ಲೈಟ್ ಆನ್ ಮಾಡಿದೆ. ಈಗ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಮೇಲೆ, ಇನ್ನೊಂದು ಹೆಡ್‌ಲೈಟ್ ಬುರುಡೆಯ ಸ್ಕ್ರೂ ಮೇಲೆ. ಎರಡೂ ಅರ್ಥಿಂಗೇ ಆಗಿದ್ದರೆ ನಡುವೆ ಸೊನ್ನೆ ಬರಬೇಕು. ಬಂದದ್ದು 1.6 ವೋಲ್ಟ್. ಮೈ ಜುಮ್ಮೆಂದಿತು. ಹಾಗೇ ಪಾಸಿಟಿವ್ ಕಡೆ: ಬ್ಯಾಟರಿಯ ಪಾಸಿಟಿವ್‌ನಿಂದ ಬಲ್ಬಿನ ಬುಡಕ್ಕೆ, 0.7. ಬ್ಯಾಟರಿಯಲ್ಲಿ ಆಗ 6.1 ಇತ್ತು. ದಾರಿಯಲ್ಲೇ 2.3 ಹೋದರೆ ಬಲ್ಬಿಗೆ ಮುಟ್ಟಿದ್ದು 3.8. ತಂತಿ ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ಸಮಸಮವಾಗಿ ಇಳಿಯುವುದಿಲ್ಲ, ಧಡಕ್ಕನೆ ಇಳಿಯುತ್ತದೆ, 3.8ಕ್ಕೆ ಸಿಗುವ ಬೆಳಕು ಐದರಲ್ಲಿ ಒಂದು ಪಾಲು. ಬುಡ್ಡಿದೀಪದ ಲೆಕ್ಕ ಚುಕ್ತಾ.

ಹೆಡ್‌ಲೈಟಿನ ಕರೆಂಟು ವಾಪಸ್ ಬ್ಯಾಟರಿಗೆ ಹೋಗುವ ದಾರಿ ಯಾವುದು? ಬುರುಡೆಯಿಂದ ಫೋರ್ಕಿಗೆ, ಫೋರ್ಕಿನಿಂದ ಚಾಸಿಗೆ, ಚಾಸಿಯಿಂದ ಬ್ಯಾಟರಿಗೆ. ಫೋರ್ಕಿಗೂ ಚಾಸಿಗೂ ನಡುವೆ ಇರುವುದು ಕೋನ್ ಸೆಟ್ಟಿನ, ಅಂದರೆ ಹ್ಯಾಂಡಲ್ ತಿರುಗಿಸುವ ಬೇರಿಂಗಿನ, ಸಣ್ಣ ಸಣ್ಣ ಉಕ್ಕಿನ ಗುಂಡುಗಳು. ನಲವತ್ತು ವರ್ಷ ಆ ಗುಂಡುಗಳ ಮೇಲೆಯೇ ಕರೆಂಟು ಹಾದುಹೋಗಿದೆ. ಪೌಡರ್ ಕೋಟಿಂಗ್ ಆದ ಮೇಲೆ ಅವಕ್ಕೆ ಅಂಗೈ ತುಂಬ ಗ್ರೀಸು ಮೆತ್ತಿ ಕೂರಿಸಿದವನು ನಾನೇ, ಈ ಕೈಯಿಂದಲೇ. ಗ್ರೀಸು ಕರೆಂಟನ್ನು ಬಿಡುವುದಿಲ್ಲ. ಪೌಡರ್ ಕೋಟಿಂಗ್ ಅಂತೂ ಕೇಳಲೇಬೇಡಿ, ಒಲೆಯಲ್ಲಿ ಬೆಂದು ಕೂತ ಪ್ಲಾಸ್ಟಿಕ್ಕೇ ಅದು. ಕೋಟಿಂಗ್ ಮಾಡಿದವರದೇನೂ ತಪ್ಪಿಲ್ಲ; ಇಂಥಿಂಥ ಬೋಲ್ಟಿನ ಜಾಗ ಟೇಪ್ ಹಾಕಿ ಬಿಡಿ ಅಂತ ಹೇಳಬೇಕಾದವನು ಬಣ್ಣದ ಹೊಳಪು ನೋಡುತ್ತಾ ನಿಂತಿದ್ದ.

ಹ್ಯಾಂಡಲ್ಲನ್ನು ಎಡಕ್ಕೆ ತಿರುಗಿಸಿದೆ, 1.6 ಇದ್ದದ್ದು 2 ದಾಟಿತು. ಬಲಕ್ಕೆ ತಿರುಗಿಸಿದೆ, ಇಳಿಯಿತು. ಹಾರ್ನಿನ ಕಥೆಯೂ ಇದೇ. ಈ ಗಾಡಿಯಲ್ಲಿ ಗುಂಡಿ ಒತ್ತಿದಾಗ ಹಾರ್ನಿನ ತಂತಿ ಹ್ಯಾಂಡಲ್ಲಿಗೆ ಅರ್ಥ್ ಆಗುತ್ತದೆ, ಅಲ್ಲಿಂದ ಮುಂದೆ ಅದೇ ಗುಂಡುಗಳ ದಾರಿ. ಯಾವ ಗುಂಡು ಎಲ್ಲಿ ಗ್ರೀಸು ಸರಿಸಿ ಉಕ್ಕಿಗೆ ತಾಗುತ್ತದೋ ಅಲ್ಲಿ ಹಾರ್ನು.

ಆಮೇಲೆ ಸುಮ್ಮನೆ, ಅಭ್ಯಾಸಬಲದಿಂದ, ಕ್ಲಚ್ ಹಿಡಿದೆ. ಎದುರು ಗೋಡೆಯ ಮೇಲಿನ ಬೆಳಕು ಕೊಂಚ ಏರಿತು. ಬಿಟ್ಟೆ, ಇಳಿಯಿತು. ಮತ್ತೆ ಹಿಡಿದೆ, ಏರಿತು. ಮಗನನ್ನು ಕರೆದು ಕ್ಲಚ್ ಹಿಡಿಸಿ ಮೀಟರ್ ನೋಡಿದೆ: 1.6ರಿಂದ 1.1ಕ್ಕೆ ಬರುತ್ತಿದೆ. ಗುಂಡುಗಳ ದಾರಿ ಮುಚ್ಚಿದ್ದರಿಂದ ಕರೆಂಟು ಕ್ಲಚ್ ಕೇಬಲ್ಲನ್ನೇ ಹಿಡಿದು ಎಂಜಿನ್ನಿಗೆ ಇಳಿಯುತ್ತಿತ್ತು. ಲಿವರ್ ಎಳೆದಾಗ ಕೇಬಲ್ ಬಿಗಿಯಾಗಿ ಎರಡೂ ತುದಿ ಗಟ್ಟಿ ಕೂರುತ್ತದೆ, ಸಂಪರ್ಕ ಸುಧಾರಿಸುತ್ತದೆ. ಹತ್ತು ನಿಮಿಷ ಲೈಟ್ ಉರಿದ ಮೇಲೆ ಕೇಬಲ್ ಮುಟ್ಟಿ ನೋಡಿದೆ. ಬೆಚ್ಚಗಿದ್ದ ಹಾಗಿತ್ತು. ನನ್ನ ಭ್ರಮೆಯೂ ಇರಬಹುದು, ಆದರೆ ಮೀಟರಿನ ಅಂಕಿ ಭ್ರಮೆಯಲ್ಲ.

ಒಂದು ಉದ್ದ ವೈರ್ ತಂದು ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ ಕಟ್ಟಿ, ಇನ್ನೊಂದು ತುದಿ ಬುರುಡೆಯ ಸ್ಕ್ರೂಗೆ ತಾಗಿಸಿದೆ. ಗೋಡೆ ಬೆಳ್ಳಗಾಯಿತು. ಶೆಡ್ಡಿನ ಮೂಲೆಯಲ್ಲಿ ನಿಲ್ಲಿಸಿದ್ದ ಕಾಯಿ ಸುಲಿಯುವ ಮಚ್ಚಿನ ನೆರಳು ಅದರ ಮೇಲೆ ಚೂಪಾಗಿ ಬಿತ್ತು. ಮಗ ಚಪ್ಪಾಳೆ ಹೊಡೆದ.

ಬ್ರೇಕ್ ಲೈಟಿನ ದೆವ್ವವೂ ಇದೇ ಜಾತಿಯದು. ಹಿಂದಿನ ಬಲ್ಬಿನ ಒಳಗೆ ಉರಿಯುವ ತಂತಿ ಎರಡು, ಒಂದು ಬ್ರೇಕಿಗೆ, ಒಂದು ರಾತ್ರಿ ದೀಪಕ್ಕೆ. ಎರಡಕ್ಕೂ ಅರ್ಥ್ ಒಂದೇ, ಅದು ಮಡ್‌ಗಾರ್ಡಿನ ಬೋಲ್ಟಿನ ಮೂಲಕ. ಆ ಬೋಲ್ಟಿನ ಕೆಳಗೂ ಹೊಳೆಯುವ ಕಪ್ಪು ಕೋಟಿಂಗ್. ಬ್ರೇಕ್ ಒತ್ತಿದಾಗ ಬಂದ ಕರೆಂಟಿಗೆ ಕೆಳಗಿಳಿಯಲು ದಾರಿಯಿಲ್ಲ, ಹಾಗಾಗಿ ಪಕ್ಕದ ರಾತ್ರಿ ದೀಪದ ತಂತಿಯಲ್ಲಿ ಹಿಮ್ಮುಖವಾಗಿ ನುಗ್ಗಿ, ಅದೇ ವೈರಿಗೆ ಸೇರಿಕೊಂಡಿರುವ ಸ್ಪೀಡೋಮೀಟರ್ ಬಲ್ಬಿನ ತನಕ ಬಂದು, ಅಲ್ಲಿ ಅರ್ಥ್ ಹುಡುಕಿಕೊಳ್ಳುತ್ತಿತ್ತು. ಮೂರು ತಂತಿ ಸಾಲಾಗಿ ನಿಂತಾಗ ಅತಿ ಸಣ್ಣ ಬಲ್ಬಿಗೇ ವೋಲ್ಟೇಜಿನ ದೊಡ್ಡ ಪಾಲು, ಅದಕ್ಕೇ ಮಿಣುಕಿದ್ದು ಅದೊಂದೇ.

ಬ್ಯಾಟರಿ ಕುದಿಯುತ್ತಿದ್ದುದು? ಕಟೌಟ್ ಕೂಡ ತನ್ನ ಮೈಯ ಮೂಲಕವೇ ಅರ್ಥ್ ಆಗುವ ವಸ್ತು. ಒಳಗಿನ ಕಾಯಿಲ್ ವೋಲ್ಟೇಜನ್ನು ಅಳೆಯುವುದು ತನ್ನ ಮೈಗೆ ಹೋಲಿಸಿ. ಮೈಯೇ ಚಾಸಿಗೆ ಸರಿಯಾಗಿ ತಾಗದಿದ್ದರೆ ಅದಕ್ಕೆ ಕಾಣುವ ವೋಲ್ಟೇಜು ಕಡಿಮೆ, ಇನ್ನೂ ಬೇಕು ಇನ್ನೂ ಬೇಕು ಅಂತ ಡೈನಮೊವನ್ನು ದುಡಿಸುತ್ತಲೇ ಇರುತ್ತದೆ. ಎಂಜಿನ್ ಚಾಲೂ ಮಾಡಿ ರೇಸ್ ಕೊಟ್ಟು ಬ್ಯಾಟರಿಗೆ ಮೀಟರ್ ಹಿಡಿದರೆ 8.1. ಇರಬೇಕಾದದ್ದು 7.2ರ ಆಸುಪಾಸು. ಅಂದರೆ ಗುಜರಿಗೆ ಹಾಕಿದ ಹಳೆ ಕಟೌಟಿನಲ್ಲಿ ಏನೂ ದೋಷ ಇರಲಿಲ್ಲ. ಬ್ಯಾಟರಿಯಲ್ಲೂ ಇರಲಿಲ್ಲ.

ರೋಗ ಗೊತ್ತಾದ ಮೇಲೆ ಮದ್ದು ಸಲೀಸು, ಆದರೆ ಹೊಟ್ಟೆ ಉರಿಯುವ ಕೆಲಸ. ಆ ಕನ್ನಡಿಯಂಥ ಕೋಟಿಂಗನ್ನು ಚೂರಿ ಹಿಡಿದು ಕೆರೆಯಬೇಕು. ಬ್ಯಾಟರಿ ವೈರ್ ಬಿಚ್ಚಿಟ್ಟು, ಕಟೌಟಿನ ಬ್ರಾಕೆಟ್ಟಿನ ಹಿಂದೆ, ಬ್ಯಾಟರಿಯ ಅರ್ಥ್ ಬೋಲ್ಟಿನ ಸುತ್ತ, ಎಂಜಿನ್ ಬೋಲ್ಟೊಂದರ ಕೆಳಗೆ, ಹಿಂದಿನ ಮಡ್‌ಗಾರ್ಡಿನ ಒಳಗೆ, ಒಂದು ರೂಪಾಯಿ ಅಗಲದಷ್ಟು ಬೆಳ್ಳಿ ಕಾಣುವ ತನಕ ಕೆರೆದೆ. "ಇದಕ್ಕಾ ಅಷ್ಟು ದುಡ್ಡು ಕೊಟ್ಟು ಬಣ್ಣ ಹೊಡೆಸಿದ್ದು?" ಅಂತ ಮನೆಯಾಕೆ ಕಾಫಿ ಲೋಟ ಇಟ್ಟು ಹೋದಳು. ಉತ್ತರ ಇರಲಿಲ್ಲ.

ಹೊಸ ಅರ್ಥ್ ವೈರುಗಳಿಗೆ ತಂದದ್ದು ಮನೆ ವೈರಿಂಗಿನ 2.5 ಚದರ ಮಿಲಿಮೀಟರಿನ ಹಸಿರು ವೈರ್, ಸಣ್ಣ ಎಳೆಗಳದ್ದು. ಒಂಟಿ ಗಟ್ಟಿ ತಂತಿಯದ್ದು ಗಾಡಿಯ ನಡುಕಕ್ಕೆ ತಾಳುವುದಿಲ್ಲ, ಮುರಿಯುತ್ತದೆ. ತುದಿಗೆ ರಿಂಗ್ ಲಗ್ ಒತ್ತಿ, ಹಲ್ಲಿರುವ ವಾಷರ್ ಹಾಕಿ, ಬಿಗಿ ಮಾಡಿದ ಮೇಲೆ ಮೇಲಿನಿಂದ ವ್ಯಾಸಲೀನ್ ಸವರಿದೆ. ಮೊದಲು ಬಿಗಿ, ಆಮೇಲೆ ವ್ಯಾಸಲೀನ್. ತಿರುಗುಮುರುಗು ಮಾಡಿದರೆ ಗ್ರೀಸಿನ ಕಥೆಯೇ ಮತ್ತೆ. ಹೆಡ್‌ಲೈಟಿನಿಂದ ಬರುವ ವೈರಿಗೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗುವಷ್ಟು ಸಡಿಲ ಬಿಟ್ಟೆ. ವೈರು, ಲಗ್ಗು, ವಾಷರು ಎಲ್ಲ ಸೇರಿ 140 ರೂಪಾಯಿ. ಬ್ಯಾಟರಿ ಮತ್ತು ಕಟೌಟಿನ ಲೆಕ್ಕ ಇಲ್ಲಿ ಬರೆಯುವುದಿಲ್ಲ.

ಪಾಸಿಟಿವ್ ಕಡೆಯ 0.7ರಲ್ಲಿ ಅರ್ಧ ಫ್ಯೂಸ್ ಹೋಲ್ಡರಿನದು. ಹಿತ್ತಾಳೆ ಹಸಿರು ಕಟ್ಟಿತ್ತು, ಉಜ್ಜಿದೆ. ಉಳಿದರ್ಧ ಸ್ವಿಚ್ಚಿನ ಒಳಗೆ. ಅದನ್ನು ಬಿಚ್ಚುವಾಗ ಒಂದು ಸ್ಪ್ರಿಂಗ್ ಹಾರಿ ಶೆಡ್ಡಿನ ತೆಂಗಿನ ಸಿಪ್ಪೆ ರಾಶಿಗೆ ಬಿತ್ತು, ಮುಂದಿನ ಒಂದೂವರೆ ದಿನದ ಬಗ್ಗೆ ಹೇಳುವಂಥದ್ದೇನಿಲ್ಲ.

ಎಲ್ಲ ಜೋಡಿಸಿ ಅಳೆದರೆ ಅರ್ಥ್ ಕಡೆ 0.05, ಪಾಸಿಟಿವ್ ಕಡೆ 0.2. ರೇಸ್ ಕೊಟ್ಟಾಗ ಬ್ಯಾಟರಿಗೆ 7.2. ಹಾರ್ನು ಎಡಕ್ಕೂ ಹೊಡೆಯಿತು, ಬಲಕ್ಕೂ ಹೊಡೆಯಿತು. ಕ್ಲಚ್ ಹಿಡಿದರೆ ಬೆಳಕು ಕದಲಲಿಲ್ಲ. ಮಗನಿಗೆ ಇದೊಂದು ಬೇಜಾರು, ಗೆಳೆಯರಿಗೆ ತೋರಿಸಲು ಇಟ್ಟುಕೊಂಡಿದ್ದ ಆಟ ಹೋಯಿತು.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಮುಂದಿನ ವಾರ ಅರಸೀಕೆರೆ ರಸ್ತೆಯಲ್ಲಿ ಅರ್ಧ ಗಂಟೆ ಓಡಿದ ಮೇಲೆ ಎಂಜಿನ್ ಮುಗ್ಗರಿಸಿ, ಫಟ್ ಅಂದು ನಿಂತಿತು. ಮೊದಲ ಅನುಮಾನ ನನ್ನ ಕೈಕೆಲಸದ ಮೇಲೇ. ವೈರುಗಳನ್ನೆಲ್ಲ ಎಳೆದು ನೋಡಿದೆ, ಗಟ್ಟಿ. ಲೈಟು ಉರಿಯುತ್ತದೆ, ಹಾರ್ನು ಇದೆ, ಕಿಕ್ ಹೊಡೆದರೆ ಚಾಲೂ ಇಲ್ಲ. ಹುಣಸೆ ಮರದ ಕೆಳಗೆ ಇಪ್ಪತ್ತು ನಿಮಿಷ ಕೂತೆ. ಒಂದೇ ಕಿಕ್ಕಿಗೆ ಎದ್ದಿತು. ಮತ್ತೆ ಹತ್ತು ನಿಮಿಷಕ್ಕೆ ಬಂದ್.

ಬಿಸಿಯಾದಾಗ ಸಾಯುವುದು, ತಣ್ಣಗಾದಾಗ ಎದ್ದೇಳುವುದು, ಪಾಯಿಂಟ್ ಗಾಡಿಗಳಲ್ಲಿ ಮೊದಲು ಕೈ ಹಾಕಬೇಕಾದ್ದು ಕಂಡೆನ್ಸರ್‌ಗೆ. ಬಲಗಡೆಯ ಕವರ್ ಬಿಚ್ಚಿ, ಒಂದು ಕೈಯಲ್ಲಿ ನೆರಳು ಮಾಡಿಕೊಂಡು ಕಿಕ್ ಒತ್ತುತ್ತಾ ಪಾಯಿಂಟ್ ನೋಡಿದೆ. ತೆರೆದಾಗಲೆಲ್ಲ ಅಲ್ಲೇ ದಪ್ಪ ಕಿಡಿ ಚಟಪಟ. ಪಾಯಿಂಟ್ ತೆರೆದ ಕ್ಷಣ ಕಾಯಿಲಿನ ಕರೆಂಟನ್ನು ಕಂಡೆನ್ಸರ್ ಹೀರಿಕೊಂಡರೆ ಮಾತ್ರ ಅದು ಫಕ್ಕನೆ ಕಡಿದು ಪ್ಲಗ್ಗಿನಲ್ಲಿ ಜೋರು ಕಿಡಿ ಹಾರುತ್ತದೆ. ಕಂಡೆನ್ಸರ್ ಸತ್ತರೆ ಪ್ಲಗ್ಗಿನಲ್ಲಿ ಹಾರಬೇಕಾದ ಕಿಡಿ ಪಾಯಿಂಟಿನಲ್ಲೇ ಹಾರಿ, ತುದಿಗಳನ್ನೂ ಸುಟ್ಟು, ಮುಗಿದುಹೋಗುತ್ತದೆ.

ಹೊಸ ಕಂಡೆನ್ಸರ್ ಹಾಕಿದೆ. ಅದು ಎರಡನೇ ದಿನಕ್ಕೆ ಸತ್ತಿತು. ಅಂಗಡಿಯ ಡಬ್ಬಿಯಲ್ಲಿ ಎಷ್ಟು ವರ್ಷ ಕೂತಿತ್ತೋ, ಹೊಸ ಕವರಿನ ಹಳೆ ಮಾಲು. ಮೂರನೆಯದನ್ನು ಎಂಜಿನ್ ಬಿಸಿ ತಾಗದ ಹಾಗೆ ಹೊರಗೆ, ಇಗ್ನಿಷನ್ ಕಾಯಿಲಿನ ಪಕ್ಕ ಕೂರಿಸಿ, ಪಾಯಿಂಟಿನಿಂದ ಬರುವ ವೈರಿಗೇ ಜೋಡಿಸಿದೆ. ಅದರ ಮೈ ಚಾಸಿಗೆ ಬಿಗಿಯಬೇಕಲ್ಲ, ಆ ಜಾಗದ ಬಣ್ಣವನ್ನು ಈ ಸಲ ಎರಡನೇ ಯೋಚನೆ ಇಲ್ಲದೆ ಕೆರೆದೆ. ಪಾಯಿಂಟನ್ನು ಸಣ್ಣ ಎಮ್ರಿ ಪೇಪರಿನಲ್ಲಿ ತಿಕ್ಕಿ, ಗ್ಯಾಪು 0.4 ಮಿಲಿಮೀಟರಿಗೆ ಇಟ್ಟೆ. ಅಲ್ಲಿಂದ ಇಲ್ಲಿಯವರೆಗೆ ನಿಂತಿಲ್ಲ.

ಉಳಿದದ್ದು ಹಳೆ ಕಟೌಟ್. ಕಾರ್ಖಾನೆಯಿಂದಲೇ ಬಂದದ್ದು, ಏನೂ ತಪ್ಪು ಮಾಡದ್ದು. ಮನಸ್ಸಿಗೆ ಸಮಾಧಾನ ಇರಲಿಲ್ಲ. ಗುಜರಿ ಅಂಗಡಿಗೆ ಹೋಗಿ ಕೇಳಿದೆ. ಕರಗಿಸಲು ಹೋಗಿರಬಹುದು ಅಂದುಕೊಂಡಿದ್ದೆ. ಅಂಗಡಿಯವನು ಗಲ್ಲಾಪೆಟ್ಟಿಗೆಯ ಕೆಳಗೆ ಕೈ ಹಾಕಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದನ್ನು ತೆಗೆದು ಮೇಜಿನ ಮೇಲಿಟ್ಟ. ಧೂಳು ಒರೆಸಿದ್ದ ಬೇರೆ.

"ಎಷ್ಟು?"

"600 ಕೊಡಿ ಸಾರ್."

"ನಾನೇ ಕಣಯ್ಯ ನಿನಗೆ ಇದನ್ನ ಕಬ್ಬಿಣದ ತೂಕಕ್ಕೆ ಹಾಕಿದ್ದು. 40 ರೂಪಾಯಿನೂ ಬಿದ್ದಿರಲಿಲ್ಲ."

"ಗೊತ್ತು ಸಾರ್. ಮೈಸೂರ್ ಮಾಲು. ನೀವು ಬಂದೇ ಬರ್ತೀರ ಅಂತಾನೇ ಎತ್ತಿಟ್ಟಿದ್ದೆ."

ಚೌಕಾಸಿ ಮಾಡಿ 550 ಕೊಟ್ಟು ತಂದೆ.